ಕಾಯಿಸಿದರೆ ಕೆಡುವ ಗಾಜು

ನಾನು ಮಾಡುವ ಗಾಜಿನ ಮೂಲಕ ಕಣ್ಣಿಗೆ ಏನೂ ಕಾಣುವುದಿಲ್ಲ. ಮನೆಗೆ ಬಂದ ನೆಂಟರ ಮುಂದೆ ಹೀಗೆಂದರೆ, ಮತ್ತೆ ಅದು ಗಾಜು ಹೇಗಾಯಿತು ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಇದ್ದಿಲಿನಷ್ಟು ಕಪ್ಪಗಿರುವ ಆ ತುಂಡಿಗೆ ಹೊಳಪು ಕೊಟ್ಟರೆ ನಮ್ಮ ಮುಖ ಕಾಣುತ್ತದೆಯೇ ಹೊರತು ಆಚೆ ಬದಿಯಲ್ಲಿರುವುದು ಕಾಣುವುದಿಲ್ಲ. ಬಿಸಿಯಾದ ವಸ್ತುಗಳಿಂದ ಹೊರಡುವ ಅವಗೆಂಪು ಕಿರಣಕ್ಕೆ ಮಾತ್ರ ಅದು ತೆರೆದ ಕಿಟಕಿ. ಜರ್ಮೇನಿಯಂ, ಆಂಟಿಮನಿ, ಸೆಲೆನಿಯಂ, ಜೊತೆಗೆ ಚೂರು ಟೆಲ್ಯೂರಿಯಂ ಸೇರಿಸಿ ಕರಗಿಸುವ ಈ ಗಾಜಿಗೆ ಚಾಲ್ಕೊಜಿನೈಡ್ ಗಾಜು ಎಂದು ಹೆಸರು. ಶಾಖವನ್ನು ನೋಡುವ ಕ್ಯಾಮೆರಾಗಳ ಲೆನ್ಸು ಇದರಿಂದ ಆಗುತ್ತದೆ.

ಇದಕ್ಕೊಂದು ಕೆಟ್ಟ ಚಾಳಿ ಇದೆ. ಅವಕಾಶ ಸಿಕ್ಕರೆ ಗಾಜಾಗಿರುವುದನ್ನು ಬಿಟ್ಟು ಹರಳಾಗಲು ಹೊರಡುತ್ತದೆ, ಆರಿದ ಪಾಕದಲ್ಲಿ ಸಕ್ಕರೆ ಮರಳಿ ಕಣಕಣವಾಗುವ ಹಾಗೆ. ಒಳಗೆ ಸಣ್ಣ ಹರಳುಗಳು ಹುಟ್ಟಿದವೆಂದರೆ ಕಿರಣ ಅವುಗಳಿಗೆ ತಾಗಿ ಚದುರುತ್ತದೆ, ಚಿತ್ರ ಕಲಸಿಹೋಗುತ್ತದೆ. ಹೊರಗಿನಿಂದ ನೋಡಿದರೆ ಇದಾವುದೂ ತಿಳಿಯುವುದಿಲ್ಲ. ಒಳ್ಳೆಯ ಗಾಜೂ ಕಪ್ಪು, ಕೆಟ್ಟ ಗಾಜೂ ಅಷ್ಟೇ ಕಪ್ಪು. ಆ ಹರಳುಗಳ ಜೊತೆ ಒಂದು ಚಳಿಗಾಲವಿಡೀ ಜಗಳವಾಡಿದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹೈದರಾಬಾದಿನ ಚೆರ್ಲಪಲ್ಲಿ ಕಡೆಯ ಸಣ್ಣ ಕಂಪನಿ. ಗಾಜು ಕರಗಿಸುವ ಕೋಣೆ ನನ್ನ ಜವಾಬ್ದಾರಿ. ಅಲ್ಲಿ ತಯಾರಾದ ಗಾಜನ್ನು ಗೋಲಿಗಿಂತ ತುಸು ದೊಡ್ಡದಾದ ಗುಂಡುಗಳಾಗಿ ಕೊರೆದು ಪಕ್ಕದ ಕೋಣೆಗೆ ಕೊಡುತ್ತೇವೆ. ಪಕ್ಕದಲ್ಲಿ ಪ್ರೆಸ್ ಇದೆ. ಗುಂಡನ್ನು ಮೆತ್ತಗಾಗುವವರೆಗೆ ಬಿಸಿ ಮಾಡಿ ಎರಡು ಅಚ್ಚುಗಳ ನಡುವೆ ಒತ್ತಿದರೆ ಲೆನ್ಸಾಗುತ್ತದೆ. ಪ್ರೆಸ್ ನಡೆಸುವವರು ಜನಗಾಮದ ಕಡೆಯ ತೆಲುಗರು, ನನಗಿಂತ ಹಿರಿಯರು. ಎಲ್ಲರಂತೆ ನಾನೂ ಅವರನ್ನು ಅನ್ನಾ ಎಂದೇ ಕರೆಯುತ್ತೇನೆ. ಲೆನ್ಸಿನ ಆಕಾರದ ಲೆಕ್ಕ ಹಾಕುವ ಡಿಸೈನರ್ ಮೈಸೂರಿನವರು, ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಮೆಟ್ರೋ, ಬಸ್ಸು ಎರಡನ್ನೂ ಬೈಯುತ್ತಾ ಬರುವ ಯುವಕ. ನಾನು ಕೊಪ್ಪಳದವಳು. ಅವರ ಕನ್ನಡ ನನಗೆ ರೇಡಿಯೋ ಕೇಳಿದ ಹಾಗೆ, ನನ್ನ ಕನ್ನಡ ಅವರಿಗೆ ನಾಟಕ ನೋಡಿದ ಹಾಗೆ. ನಮ್ಮೆಲ್ಲರ ಮೇಲೆ ಹಳೇ ಊರಿನ ದಖ್ಖನಿ ಉರ್ದು ಮಾತಾಡುವ ಮಾಲೀಕರು.

ಆ ಸಲ ಸಿಕ್ಕಿದ್ದು ರೈಲು ಹಳಿಯ ಪಕ್ಕ ಕೂರಿಸುವ ಒಂದು ಯಂತ್ರದ ಲೆನ್ಸಿನ ಕೆಲಸ. ಓಡುವ ಗಾಡಿಯ ಗಾಲಿಯ ಬೇರಿಂಗ್ ಅತಿಯಾಗಿ ಬಿಸಿಯಾಗಿದ್ದರೆ ಅದು ದೂರದಿಂದಲೇ ಹಿಡಿದು ಹೇಳಬೇಕು. ಇಂಥ ಕಡೆ ಶುದ್ಧ ಜರ್ಮೇನಿಯಂ ಲೆನ್ಸು ಹಾಕುವುದು ರೂಢಿ. ಆದರೆ ಮೇ ತಿಂಗಳಲ್ಲಿ ಹಳಿಯ ಪಕ್ಕದ ಕಬ್ಬಿಣದ ಪೆಟ್ಟಿಗೆ ಕಾದು ಹೋದಾಗ ಜರ್ಮೇನಿಯಂನ ಫೋಕಸ್ ಜಾರುತ್ತದೆ, ಇನ್ನೂ ಕಾದರೆ ಕಿರಣವನ್ನೇ ನುಂಗತೊಡಗುತ್ತದೆ. ಕಿರಣವನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ನಮ್ಮ ಗಾಜಿನ ವಕ್ರೀಭವನ ಸೂಚ್ಯಂಕ ಬಿಸಿಲಿಗೆ ಅಷ್ಟಾಗಿ ಅಲುಗುವುದಿಲ್ಲ. ಆ ಕಾರಣಕ್ಕೇ ಗಿರಾಕಿ ನಮ್ಮಲ್ಲಿಗೆ ಬಂದಿದ್ದರು.

ನನ್ನ ಗಂಡ ರೈಲ್ವೆಯಲ್ಲಿ ಗಾಡಿ ತಪಾಸಣೆಯ ವಿಭಾಗದಲ್ಲಿದ್ದಾರೆ, ನಮ್ಮ ಮನೆ ಮಲ್ಕಾಜ್‌ಗಿರಿಯಲ್ಲಿ. ಈ ಕೆಲಸ ಸಿಕ್ಕ ದಿನ ಊಟಕ್ಕೆ ಕೂತಾಗ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಗಾಡಿ ಸ್ಟೇಷನ್‌ಗೆ ಬಂದು ನಿಂತಮ್ಯಾಲ ನಮ್ಮ ಮಂದಿ ಕೈ ಹಿಂಬದಿ ಹಚ್ಚಿ ಬಿಸಿ ನೋಡ್ತಾರ. ನಡುದಾರ್ಯಾಗ ಕಾದ್ರ ಯಾರು ಕೈ ಹಚ್ಚಬೇಕು? ಇದು ಛಲೋ ಕೆಲಸ ಐತಿ. ಕೆಡಿಸಬ್ಯಾಡ.”

“ನಾ ಯಾಕ ಕೆಡಿಸ್ತೀನ್ರಿ,” ಎಂದೆ.

ಕೆಟ್ಟಿತು. ಮೊದಲ ಲೆನ್ಸುಗಳನ್ನು ಸ್ಪೆಕ್ಟ್ರೋಮೀಟರಿನಲ್ಲಿ ಇಟ್ಟ ದಿನವೇ ಗೊತ್ತಾಯಿತು. ಯಾವ ತರಂಗದ ಕಿರಣ ಎಷ್ಟು ದಾಟುತ್ತದೆ ಎಂಬುದನ್ನು ಆ ಯಂತ್ರ ಒಂದು ಗೆರೆಯಾಗಿ ಬರೆದು ತೋರಿಸುತ್ತದೆ. ಒಳ್ಳೆಯ ಗಾಜಿನದು ಮೇಜಿನ ಮೇಲ್ಮೈಯಂತೆ ಮಟ್ಟಸವಾದ ಗೆರೆ. ಗಾಜಿನಲ್ಲಿ ಆಮ್ಲಜನಕ ಸೇರಿದ್ದರೆ ಒಂದು ಜಾಗದಲ್ಲಿ ಗುಂಡಿ ಬೀಳುತ್ತದೆ, ನೀರಿನಂಶವಿದ್ದರೆ ಇನ್ನೊಂದು ಜಾಗದಲ್ಲಿ. ಹರಳು ಹುಟ್ಟಿದ್ದರೆ ಗುಂಡಿ ಇರುವುದಿಲ್ಲ, ಕಿರುತರಂಗದ ಕಡೆಯಿಂದ ಇಡೀ ಗೆರೆ ಒಂದು ಕಾಲು ಮುರಿದ ಮೇಜಿನ ಹಾಗೆ ವಾಲಿಕೊಳ್ಳುತ್ತದೆ. ನಮ್ಮ ಗೆರೆ ವಾಲಿತ್ತು. ಡಿಸೈನರ್ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನೋಡಿದರು.

“ಪಿಕ್ಚರ್ ಪೂರ್ತಿ ಮಬ್ಬಾಗಿದೆ ಮೇಡಂ,” ಎಂದರು.

ಅಂದಿನಿಂದ ಈ ರೋಗಕ್ಕೆ ನಮ್ಮಿಬ್ಬರ ನಡುವೆ ಮಬ್ಬು ಎಂದೇ ಹೆಸರಾಯಿತು. ಇವತ್ತಿನದು ಮಬ್ಬೋ ಅಲ್ಲವೋ ಎಂದು ಅವರು ಕೇಳುವುದು, ಮಬ್ಬೇ ಎಂದು ನಾನು ಮುಖ ಗಂಟು ಹಾಕಿಕೊಂಡು ಹೇಳುವುದು ದಿನಚರಿಯಾಯಿತು.

ನನಗೆ ಅರ್ಥವಾಗದಿದ್ದುದು ಒಂದೇ. ಈ ಗಾಜು ಹರಳಾಗಬಾರದಿತ್ತು. ಗಾಜಿನ ಚೂರನ್ನು ಒಂದೇ ವೇಗದಲ್ಲಿ ಬಿಸಿ ಮಾಡುತ್ತಾ, ಅದು ಎಷ್ಟು ಡಿಗ್ರಿಗೆ ಮೆತ್ತಗಾಗುತ್ತದೆ, ಎಷ್ಟು ಡಿಗ್ರಿಗೆ ಹರಳಾಗತೊಡಗುತ್ತದೆ ಎಂದು ಅಳೆಯುವ ಯಂತ್ರವೊಂದಿದೆ. ಈ ಎರಡರ ನಡುವೆ ನೂರು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಗಾಜು ಗಟ್ಟಿಗ ಎಂಬುದು ನಮ್ಮ ವೃತ್ತಿಯವರ ನಂಬಿಕೆ. ನಮ್ಮ ಗಾಜು ಅದನ್ನು ಆರಾಮವಾಗಿ ದಾಟಿತ್ತು. ನಾವು ಒತ್ತುತ್ತಿದ್ದುದು ಆ ಅಂತರದ ನಡುಮಧ್ಯದಲ್ಲಿ. ಅಪಾಯದ ಗೆರೆ ಇನ್ನೂ ಎಷ್ಟೋ ಮೇಲಿತ್ತು.

ಮೊದಲು ನನ್ನ ಕೋಣೆಯನ್ನೇ ಅನುಮಾನಿಸಿದೆ. ಸೆಲೆನಿಯಂ ಶುದ್ಧವಿಲ್ಲವೇನೋ ಎಂದು ಅದನ್ನು ಮತ್ತೆ ಬಟ್ಟಿ ಇಳಿಸಿದೆ. ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಕೈಗವಸಿನಲ್ಲಿ ಕೈ ತೂರಿಸಿ ಒಂದೊಂದು ಮೂಲವಸ್ತುವನ್ನೂ ತೂಗಿ ಸಿಲಿಕಾ ಕೊಳವೆಗೆ ಹಾಕಿದೆ. ಉಳಿದ ಆಮ್ಲಜನಕವನ್ನು ಹೀರಲಿ ಎಂದು ಚಿಟಿಕೆ ಮೆಗ್ನೀಷಿಯಂ ಸೇರಿಸಿದೆ. ಗಾಳಿಯನ್ನೆಲ್ಲ ಎಳೆದು ತೆಗೆದು ಕೊಳವೆಯ ಕುತ್ತಿಗೆಯನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚಿ, ತೊಟ್ಟಿಲಿನ ಹಾಗೆ ತೂಗುವ ಫರ್ನೇಸಿನಲ್ಲಿಟ್ಟು ಕರಗಿಸಿದೆ. ಕೆಂಪಗಿನ ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು ನೀರಿಗೆ ಇಳಿಸುವಾಗ ಈಗಲೂ ನಾನು ಉಸಿರು ಬಿಡುವುದಿಲ್ಲ. ಹೊಸ ಗಾಜಿನ ಗೆರೆಯಲ್ಲಿ ಆಮ್ಲಜನಕದ ಗುಂಡಿ ಮಾಯವಾಗಿತ್ತು. ಖುಷಿಯಾಯಿತು. ಅದನ್ನು ಒತ್ತಿ ಲೆನ್ಸು ಮಾಡಿದೆವು. ಗೆರೆ ಮೊದಲಿನಷ್ಟೇ ವಾಲಿತು.

ಆಮೇಲೆ ಅಚ್ಚಿನ ಮೇಲೆ ಅನುಮಾನ ಬಂತು. ಅಚ್ಚನ್ನು ಬಿಚ್ಚಿ, ಉಜ್ಜಿ, ಹೊಸ ಲೇಪ ಹಾಕಿಸಿದೆವು. ಏನೂ ಆಗಲಿಲ್ಲ. ಒತ್ತುವ ಬಿಸಿಯನ್ನು ಇಳಿಸಿ ನೋಡಿದೆವು. ಗಾಜು ಅಚ್ಚಿನ ಅಂಚಿನವರೆಗೆ ಹರಿಯದೆ ಲೆನ್ಸುಗಳ ಬದಿ ಸೀಳಿತು. ಈ ನಡುವೆ ಗಾಜು ಖರ್ಚಾಗುತ್ತಲೇ ಇತ್ತು. ಮಾಲೀಕರು ಒಂದು ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಬಾರದೆ ಮಾತಾಡಿದರು. ಅವರು ಒಳಗೆ ಬಾರದೆ ಮಾತಾಡಿದರೆ ವಿಷಯ ಒಳ್ಳೆಯದಲ್ಲ ಎಂದು ಎಲ್ಲರಿಗೂ ಗೊತ್ತು. “ಮೇಡಂ, ಕಾಲಾ ಪತ್ಥರ್ ಬಹುತ್ ಹೋಗಯಾ. ಅಬ್ ಲೆನ್ಸ್ ದಿಖಾವ್,” ಎಂದರು. ಕಪ್ಪು ಕಲ್ಲು ಬಹಳವಾಯಿತು, ಇನ್ನು ಲೆನ್ಸು ತೋರಿಸಿ. ಗಿರಾಕಿಯ ಎಂಜಿನಿಯರುಗಳು ಫೆಬ್ರವರಿಯಲ್ಲಿ ಲೆನ್ಸು ನೋಡಲು ಬರುತ್ತಾರೆ. ಆಗ ಲೆನ್ಸು ಸರಿಯಿಲ್ಲದಿದ್ದರೆ ಹೊರದೇಶದಿಂದ ಸಿದ್ಧ ಗಾಜು ತರಿಸಿ ಒತ್ತುತ್ತೇವೆ, ಕರಗಿಸುವ ಕೋಣೆ ಮುಚ್ಚುತ್ತೇವೆ, ಅಲ್ಲಿಯವರೆಗೆ ಹೊಸ ಸಾಮಾನು ತರಿಸುವುದಿಲ್ಲ ಎಂದು ತಣ್ಣಗೆ ಹೇಳಿ ಹೋದರು.

ಕರಗಿಸುವ ಕೋಣೆ ಎಂದರೆ ನಾನು. ಹೊರಗಿನ ಗಾಜಿನ ಜೊತೆಗೆ ಅದನ್ನು ಒತ್ತುವ ಹೊಸ ಪ್ರೆಸ್ಸೂ, ಅದನ್ನು ನಡೆಸುವವರೂ ಬರುತ್ತಾರೆಂಬ ಸುದ್ದಿಯಿತ್ತು, ಆದ್ದರಿಂದ ಪ್ರೆಸ್ಸಿನ ಅನ್ನಾ ಕೂಡ. ನಾನು ಆ ಕೋಣೆಯನ್ನು ಖಾಲಿ ಗೋದಾಮಿನಿಂದ ಕಟ್ಟಿದವಳು. ಫರ್ನೇಸಿನ ಇಟ್ಟಿಗೆ ಜೋಡಿಸುವಾಗಲೂ ಅಲ್ಲೇ ನಿಂತಿದ್ದೆ.

ಡಿಸೈನರ್ ಒಂದು ಉಪಾಯ ತಂದರು.

“ಟೆಲ್ಯೂರಿಯಂ ತೆಗೆದುಬಿಡೋಣ ಮೇಡಂ. ಅದಿಲ್ದಿದ್ರೆ ಗ್ಲಾಸ್ ಅಷ್ಟು ಸುಲಭವಾಗಿ ಹರಳಾಗಲ್ಲ ಅಲ್ವಾ?”

“ತಗದ್ರ ನಿಮ್ಮ ಸೂಚ್ಯಂಕ ಎಲ್ಲಿ ಉಳೀತೈತ್ರಿ? ನೀವ ಕೇಳಿದ್ದಕ್ಕ ಅಲ್ಲೇನು ಅದನ್ನ ಹಾಕಿದ್ದು?”

“ಹೌದು. ಡಿಸೈನ್ ಮತ್ತೆ ಮಾಡ್ತೀನಿ. ಆದ್ರೆ ಹೊಸ ಅಚ್ಚು ಬೇಕಾಗುತ್ತೆ, ಅದು ಬರೋಕೆ ಬೇಸಿಗೆ ಮುಗಿಯುತ್ತೆ.”

“ಅಷ್ಟೊತ್ತಿಗೆ ನನ್ನ ಕೋಣಿಗೆ ಕೀಲಿ ಬಿದ್ದಿರತೈತಿ ಬಿಡ್ರಿ.”

ಆದರೂ ಬೇರೆ ದಾರಿ ಕಾಣದೆ ಅವರು ಹೊಸ ಡಿಸೈನಿನ ಲೆಕ್ಕ ಶುರುಮಾಡಿದರು. ನಾನೂ ಬೇಡ ಎನ್ನಲಿಲ್ಲ.

ಹಳೆಯ ಗಾಜಿಗೆ ಏನಾಗಿತ್ತು ಎಂದು ತಿಳಿಯದೆ ಹೊಸದನ್ನು ಹಿಡಿಯಲು ಮಾತ್ರ ಮನಸ್ಸಾಗಲಿಲ್ಲ. ಕೆಟ್ಟ ಲೆನ್ಸೊಂದನ್ನು ಸೀಳಿ, ಹೊಳಪು ಕೊಟ್ಟು, ಹರಳುಗಳು ಮೇಲ್ಮೈಯಲ್ಲಿವೆಯೋ ಹೊಟ್ಟೆಯೊಳಗಿವೆಯೋ ಸೂಕ್ಷ್ಮದರ್ಶಕದಲ್ಲಿ ನೋಡೋಣ ಎಂದುಕೊಂಡೆ. ಸೀಳುವ ಲೆನ್ಸು ಖಂಡಿತ ಕೆಟ್ಟದ್ದೇ ಆಗಿರಬೇಕಿತ್ತು. ಜನವರಿಯಲ್ಲಿ ಅನ್ನಾ ಕೊಟ್ಟಿದ್ದ ಒಂದು ತಟ್ಟೆ ನೆನಪಾಯಿತು. ಅದರ ಮೇಲೆ ಚೀಟಿ ಅಂಟಿಸಿ, ತೆಲುಗಿನಲ್ಲಿ ‘ಮಬ್ಬು’ ಎಂದು ಅವರೇ ಬರೆದಿದ್ದರು. ಮ ಆಗಲಿ ಬ ಆಗಲಿ ತೆಲುಗಿನಲ್ಲೂ ಕನ್ನಡದಲ್ಲೂ ಹೆಚ್ಚುಕಡಿಮೆ ಒಂದೇ, ಓದಲು ತೊಂದರೆಯಿಲ್ಲ. ಆಗ ಸ್ಪೆಕ್ಟ್ರೋಮೀಟರಿನ ಮುಂದೆ ಲೆನ್ಸುಗಳ ಸಾಲೇ ಇತ್ತು. ಅವರೇ ಕೆಟ್ಟಿದೆ ಎಂದ ಮೇಲೆ ಅಳೆಯುವುದೇಕೆ ಎಂದು ಆ ಲೆನ್ಸುಗಳನ್ನು ಒಂದು ಖಾಲಿ ರದ್ದಿ ಡಬ್ಬಿಗೆ ಸುರಿದು, ಚೀಟಿಯನ್ನು ಡಬ್ಬಿಗೇ ಅಂಟಿಸಿದ್ದೆ.

ಡಬ್ಬಿಯಿಂದ ಒಂದನ್ನು ತೆಗೆದು ಸೀಳಿದೆ. ಎರಡೂ ಮುಖ ನುಣುಪು ಮಾಡಿದ ಮೇಲೆ, ಕ್ರಮ ಎಂದರೆ ಕ್ರಮ ಎಂದು, ಮೊದಲು ಸ್ಪೆಕ್ಟ್ರೋಮೀಟರಿನಲ್ಲಿ ಗೆರೆ ತೆಗೆದೆ. ಗೆರೆ ಮಟ್ಟಸವಾಗಿತ್ತು. ಯಂತ್ರ ಕೈಕೊಟ್ಟಿದೆ ಎಂದುಕೊಂಡು ಮತ್ತೆ ತೆಗೆದೆ. ಹಾಗೇ ಬಂತು. ಡಬ್ಬಿಯಿಂದ ಇನ್ನೊಂದನ್ನು ಸೀಳಿದೆ. ಅದೂ ಮಟ್ಟಸ. ಸೂಕ್ಷ್ಮದರ್ಶಕದಲ್ಲಿ ಎಲ್ಲಿ ಹುಡುಕಿದರೂ ಒಂದು ಹರಳಿಲ್ಲ. ನಮ್ಮ ಕಂಪನಿಯಲ್ಲಿ ಆವರೆಗೆ ಒತ್ತಿದ ಲೆನ್ಸುಗಳಲ್ಲಿ ಒಳ್ಳೆಯವು ಎಂದರೆ ಇವೇ, ಇವನ್ನು ನಾನು ರದ್ದಿ ಎಂದು ಸುರಿದಿದ್ದೆ.

ಡಿಸೈನರನ್ನೂ ಕರೆದುಕೊಂಡು ಪ್ರೆಸ್ ಕೋಣೆಗೆ ಹೋದೆ. ಅನ್ನಾ ಟೀ ಕುಡಿಯುತ್ತಿದ್ದರು. ಡಬ್ಬಿಯನ್ನು ಅವರ ಮುಂದಿಟ್ಟು, ಇದು ಮಬ್ಬು ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ನನ್ನ ಹರಕುಮುರುಕು ತೆಲುಗಿನಲ್ಲಿ ಕೇಳಿದೆ. ಕೇಳುವಾಗಲೇ ನನ್ನ ಪ್ರಶ್ನೆಯಲ್ಲಿರುವ ವಿಚಿತ್ರ ನನಗೇ ಹೊಳೆಯಿತು. ಕಪ್ಪು ಗಾಜಿನೊಳಗಿನ ಮಬ್ಬನ್ನು ಕಣ್ಣಿಂದ ಯಾರು ತಾನೇ ಕಾಣಲು ಸಾಧ್ಯ?

“ಮಬ್ಬುಲ ಒತ್ತಿನ ಮೇಡಂ. ಅಂದುಕೇ ರಾಸಿನ,” ಎಂದರು ಅವರು.

ಮಬ್ಬಿನಲ್ಲಿ ಒತ್ತಿದೆ, ಅದಕ್ಕೇ ಬರೆದೆ. ನನಗೆ ತಲೆಬುಡ ತಿಳಿಯಲಿಲ್ಲ.

“ಒತ್ತಿದಾಗಲೇ ಮಬ್ಬಿತ್ತಾ?” ಎಂದೆ.

“ಅವು ಮೇಡಂ, ಮಸ್ತು ಮಬ್ಬು. ಏಂ ಕನಿಪಿಸ್ತಲೇದು. ಲೈಟ್ ಏಸಿನ.”

ಹೌದು, ಬಹಳ ಮಬ್ಬು, ಏನೂ ಕಾಣುತ್ತಿರಲಿಲ್ಲ, ದೀಪ ಹಾಕಿದೆ ಎಂದರು. ಡಿಸೈನರ್ ನನ್ನ ಮುಖ ನೋಡಿದರು, ನಾನು ಡಬ್ಬಿ ನೋಡಿದೆ. ನಮ್ಮಿಬ್ಬರ ಪೆಚ್ಚುಮುಖ ನೋಡಿ ಅನ್ನಾ ಬಿಡಿಸಿ ಹೇಳಿದರು. “ಮಬ್ಬುಲ ಅಂಟೆ ತೆಲ್ಲಾರಕ ಮುಂದು ಮೇಡಂ. ಕೋಡಿ ಕೂಯಕ ಮುಂದು.” ಬೆಳಕು ಹರಿಯುವ ಮುಂಚೆ, ಕೋಳಿ ಕೂಗುವ ಮುಂಚೆ. ಅವರ ಊರಿನ ತೆಲುಗಿನಲ್ಲಿ ಮಬ್ಬು ಎಂದರೆ ನಸುಕಿನ ಕತ್ತಲೆ. ಆ ತಟ್ಟೆಯ ಲೆನ್ಸುಗಳನ್ನು ಅವರು ಒತ್ತಿದ್ದು ನಸುಕಿನಲ್ಲಿ. ಹಗಲಿನ ತಟ್ಟೆಗಳ ಜೊತೆ ಕಲೆಯದಿರಲಿ ಎಂದು ಹೊತ್ತನ್ನು ಬರೆದಿಟ್ಟಿದ್ದರು, ಅಷ್ಟೆ.

ಡಿಸೈನರಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು, ಆದರೆ ಅದರ ಬೆನ್ನಿಗೇ ಒಂದು ಪ್ರಶ್ನೆ ಎದ್ದಿತು. ನಸುಕಿನಲ್ಲಿ ಒತ್ತಿದ್ದಕ್ಕೂ ಹಗಲಲ್ಲಿ ಒತ್ತಿದ್ದಕ್ಕೂ ಏನು ವ್ಯತ್ಯಾಸ? ಅದೇ ಗಾಜು, ಅದೇ ಅಚ್ಚು, ಅದೇ ಮನುಷ್ಯ. ಆ ದಿನ ಬೇರೇನು ಮಾಡಿದಿರಿ ಎಂದು ಕೇಳಿದೆ. ಏನೂ ಇಲ್ಲ ಎಂದರು. ಮತ್ತೆ ಕೇಳಿದೆ. ಟೀ ಲೋಟವನ್ನು ಕೆಳಗಿಟ್ಟರು. ಬೈಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಾಯಿ ಬಿಟ್ಟರು. ಅಂದು ಮಧ್ಯಾಹ್ನ ಹೆಂಡತಿ ಮಕ್ಕಳನ್ನು ನಾಂಪಲ್ಲಿಯ ವಸ್ತುಪ್ರದರ್ಶನವಾದ ನುಮಾಯಿಷ್‌ಗೆ ಕರೆದೊಯ್ಯಬೇಕಿತ್ತು. ದಿನದ ಕೆಲಸ ಬೇಗ ಮುಗಿಸಲೆಂದು ನಸುಕಿಗೇ ಬಂದಿದ್ದರು.

“ಪ್ಲೇಟ್ ಎಯ್ಯಲೇ ಮೇಡಂ,” ಎಂದು ನೆಲ ನೋಡುತ್ತಾ ಹೇಳಿದರು.

ಪ್ಲೇಟ್ ಹಾಕಿರಲಿಲ್ಲ. ಪ್ರೆಸ್ಸಿನ ಪಕ್ಕ ಒಂದು ಬಿಸಿ ಪ್ಲೇಟ್ ಇದೆ. ತಣ್ಣಗಿನ ಗುಂಡನ್ನು ನೇರವಾಗಿ ಪ್ರೆಸ್ಸಿಗೆ ಹಾಕಿದರೆ ಬಿಸಿಯಾಗುವವರೆಗೆ ಪ್ರೆಸ್ ಸುಮ್ಮನೆ ನಿಲ್ಲಬೇಕು, ಅಲ್ಲದೆ ದಿಢೀರ್ ಬಿಸಿಗೆ ಗುಂಡು ಸೀಳುವುದೂ ಉಂಟು. ಆದ್ದರಿಂದ ಗುಂಡುಗಳನ್ನೆಲ್ಲ ಬೆಳಗ್ಗೆಯೇ ಪ್ಲೇಟಿನ ಮೇಲೆ ಸಾಲಾಗಿ ಇಟ್ಟು, ಮೆತ್ತಗಾಗುವ ಬಿಸಿಗಿಂತ ತುಸು ಮೇಲೆ ಇರಿಸಿ, ಸರದಿ ಬಂದ ಹಾಗೆ ಒಂದೊಂದನ್ನೇ ಒತ್ತುವುದು ನಮ್ಮ ಪದ್ಧತಿ. ಪ್ಲೇಟ್ ಕಾಯಲು ಬಹಳ ಹೊತ್ತು ಬೇಕು. ನುಮಾಯಿಷ್ ಆತುರದಲ್ಲಿ ಅನ್ನಾ ಅದನ್ನು ಬಿಟ್ಟು, ಗುಂಡುಗಳನ್ನು ಒಂದೊಂದಾಗಿ ನೇರ ಪ್ರೆಸ್ಸಿಗೆ ಹಾಕಿದ್ದರು. ಎರಡು ಗುಂಡು ಸೀಳಿದ್ದವಂತೆ, ಅವನ್ನು ಯಾರಿಗೂ ಹೇಳದೆ ಕಸಕ್ಕೆ ಹಾಕಿದ್ದರಂತೆ.

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹರಳು ಹುಟ್ಟುವ ಬಿಸಿ ಬೇರೆ, ಬೆಳೆಯುವ ಬಿಸಿ ಬೇರೆ. ಗಾಜು ಮೆತ್ತಗಾಗುವ ಅಂಚಿನಲ್ಲಿ ಸುಮ್ಮನೆ ಕೂತಿದ್ದಾಗ ಬೀಜಗಳು ಹುಟ್ಟುತ್ತವೆ. ಆಗ ಯಾವ ಯಂತ್ರಕ್ಕೂ ಕಾಣದಷ್ಟು ಸಣ್ಣವು. ಆಮೇಲೆ ಒತ್ತುವ ಬಿಸಿಗೆ ಹೋದಾಗ ಅವೇ ಊದಿಕೊಳ್ಳುತ್ತವೆ. ಕಾಲೇಜಿನ ಮೊದಲ ವರ್ಷದಲ್ಲಿ ಓದಿದ ಪಾಠ ಇದು. ನಮ್ಮ ಅಳೆಯುವ ಯಂತ್ರ ಗಾಜನ್ನು ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ಬಿಸಿ ಮಾಡುತ್ತದೆ, ಆದ್ದರಿಂದ ಅದರ ಮುಂದೆ ನಮ್ಮ ಗಾಜು ಗಟ್ಟಿಗನಂತೆ ನಿಂತಿತ್ತು. ನಾವು ಅದಕ್ಕೆ ಎಷ್ಟು ಬಿಸಿ ತಡೆಯುತ್ತೀ ಎಂದು ಕೇಳಿದ್ದೆವೇ ಹೊರತು ಎಷ್ಟು ಹೊತ್ತು ತಡೆಯುತ್ತೀ ಎಂದು ಕೇಳಿರಲಿಲ್ಲ. ಕನ್ನಡದಲ್ಲಿ ಕಾಯಿಸುವುದು ಎಂದರೆ ಬಿಸಿ ಮಾಡುವುದೂ ಹೌದು, ಸುಮ್ಮನೆ ನಿಲ್ಲಿಸಿಡುವುದೂ ಹೌದು. ಎರಡು ಅರ್ಥದಲ್ಲೂ ನಾವು ಆ ಗುಂಡುಗಳನ್ನು ಕಾಯಿಸಿದ್ದೆವು.

ಇದೆಲ್ಲ ನನ್ನ ಊಹೆ. ಊಹೆಯನ್ನು ಗಿರಾಕಿಗೆ ಮಾರಲಾಗುವುದಿಲ್ಲ. ನಸುಕಿನ ಲೆನ್ಸುಗಳನ್ನೇ ಕೊಡೋಣವೆಂದರೆ, ಡಬ್ಬಿಯಲ್ಲಿ ಒಂದಕ್ಕೊಂದು ಉಜ್ಜಿ ಎಲ್ಲದರ ಮೇಲೂ ಗೀರು ಬಿದ್ದಿತ್ತು. ಕೈಯಲ್ಲಿ ಉಳಿದಿದ್ದುದು ಕೊನೆಯ ಗಾಜಿನ ಗಟ್ಟಿಯಿಂದ ಕೊರೆದ ಗುಂಡುಗಳು ಮಾತ್ರ, ಗಿರಾಕಿ ಕೇಳಿದ್ದಕ್ಕಿಂತ ಕೆಲವೇ ಕೆಲವು ಹೆಚ್ಚು. ಎಲ್ಲವನ್ನೂ ಪ್ಲೇಟಿಲ್ಲದೆ ಒತ್ತಿ ಕೊಟ್ಟುಬಿಡಿ ಎಂದರು ಡಿಸೈನರ್. ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಹಾಗೆ ಕೊಟ್ಟು, ಇದು ಹೇಗೆ ಸರಿಹೋಯಿತು ಎಂದು ಗಿರಾಕಿ ಕೇಳಿದರೆ ನುಮಾಯಿಷ್ ಕಥೆ ಹೇಳಬೇಕಾಗಿತ್ತು. ಒಂದು ಸಲ ಅದೃಷ್ಟಕ್ಕೆ ಸರಿಹೋದದ್ದನ್ನು ನಂಬಿ ಆರ್ಡರ್ ಹಿಡಿದು, ಬೇಸಿಗೆಯಲ್ಲಿ ಮತ್ತೆ ಗೆರೆ ವಾಲಿದರೆ ಕೋಣೆಯ ಜೊತೆ ಕಂಪನಿಯ ಮರ್ಯಾದೆಯೂ ಹೋಗುತ್ತದೆ. ಆ ಹೆಚ್ಚಿನ ಗುಂಡುಗಳನ್ನು ಬೇಕೆಂದೇ ಕೆಡಿಸಿ ನೋಡುವುದೆಂದು ನಿರ್ಧರಿಸಿದೆ.

ಮಾಲೀಕರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಅಚ್ಛೇ ಮಾಲ್ ಕೂ ಜಾನ್‌ಬೂಝ್ ಕೇ ಖರಾಬ್ ಕರ್ತೇ ಕ್ಯಾ ಆಪ್?”

ಒಳ್ಳೆಯ ಮಾಲನ್ನು ಬೇಕೆಂದೇ ಕೆಡಿಸುತ್ತೀರಾ ಎಂಬ ಪ್ರಶ್ನೆಗೆ ಹೌದು ಎಂದೆ. ಯಾಕೆ ಕೆಟ್ಟಿತು ಎಂದು ಗೊತ್ತಿಲ್ಲದೆ ಚೆನ್ನಾಗಿರುವುದನ್ನು ಮಾರಲು ನನಗೆ ಭಯ ಎಂದೆ. ಅವರು, ಕೋಣೆ ಉಳಿಯುವುದೂ ಬಿಡುವುದೂ ನಿಮ್ಮ ತಲೆಯ ಮೇಲೆ ಎಂದು ಹೇಳಿ ಕನ್ನಡಕ ಹಾಕಿಕೊಂಡರು.

ಒಂದು ಗುಂಡನ್ನು ಪ್ಲೇಟಿನ ಮೇಲೆ ಬೆಳಗ್ಗೆಯಿಂದ ಸಂಜೆಯವರೆಗೆ ಕೂರಿಸಿದೆವು, ಒಂದನ್ನು ಅದರ ಅರ್ಧ ಹೊತ್ತು, ಇನ್ನೊಂದನ್ನು ಟೀ ಕುಡಿದು ಬರುವಷ್ಟು ಹೊತ್ತು. ಮತ್ತೆರಡನ್ನು ಪ್ಲೇಟಿಗೆ ತಾಗಿಸಲೇ ಇಲ್ಲ, ಒಂದನ್ನು ಬೇರೆ ಎತ್ತಿಟ್ಟೆವು. ಆ ಐದನ್ನೂ ಒಂದೇ ಬಿಸಿಯಲ್ಲಿ ಅನ್ನಾ ಒತ್ತಿದರು. ಗೆರೆಗಳು ಒಂದರ ಕೆಳಗೊಂದು ಮೂಡಿದವು. ಹೆಚ್ಚು ಹೊತ್ತು ಕೂತಿದ್ದು ಹೆಚ್ಚು ವಾಲಿತ್ತು, ಕೂರದೇ ಇದ್ದುದು ಮಟ್ಟಸವಾಗಿತ್ತು. ಕಂಪ್ಯೂಟರಿನ ಮುಂದೆ ಡಿಸೈನರ್ ನನ್ನ ಕಡೆ ತಿರುಗಿ, “ಕ್ರಮವಾಗಿ ನಿಂತಿವೆ ಮೇಡಂ, ಶಾಲೆ ಮಕ್ಕಳ ತರ,” ಎಂದರು. ಅಳೆಯುವ ಯಂತ್ರದಲ್ಲೂ ಗಾಜಿನ ಚೂರನ್ನು ಪ್ಲೇಟಿನ ಬಿಸಿಯಲ್ಲಿ ಮೊದಲು ಕೂರಿಸಿ, ಆಮೇಲೆ ಬಿಸಿ ಏರಿಸಿದೆ. ಹರಳಾಗುವ ಬಿಂದು ಎಷ್ಟೋ ಕೆಳಕ್ಕೆ ಇಳಿದು ಬಂದಿತ್ತು.

ಕೂರದೇ ಇದ್ದ ಎರಡರಲ್ಲಿ ಒಂದು ಮಾತ್ರ ಪ್ರೆಸ್ಸಿನೊಳಗೆ ಟಿಕ್ ಎಂದು ಸೀಳಿತು. ಪ್ಲೇಟ್ ಬೇಕು, ಪ್ಲೇಟ್ ಬೇಡ. ಅನ್ನಾ ಮತ್ತು ನಾನು ಸೀಳಿದ ಚೂರುಗಳನ್ನು ನೋಡುತ್ತಾ ಕೂತೆವು. ಆಮೇಲೆ ನನಗೆ ತೋಚಿದ್ದು ಸರಳವಾದ ದಾರಿ. ಪ್ಲೇಟನ್ನು ಮೆತ್ತಗಾಗುವ ಬಿಸಿಗಿಂತ ಬಹಳ ಕೆಳಗೆ ಇಟ್ಟರೆ ಗುಂಡು ಬೆಚ್ಚಗಾಗುತ್ತದೆ, ಆದರೆ ಗಾಜು ಇನ್ನೂ ಬಿಗಿಯಾಗಿರುವುದರಿಂದ ಒಳಗೆ ಬೀಜ ಹುಟ್ಟುವುದಿಲ್ಲ. ಅಲ್ಲಿಂದ ಮುಂದಿನ ಬಿಸಿಯನ್ನು ಪ್ರೆಸ್ಸೊಳಗೆ ಬೇಗ ಏರಿಸಬೇಕು. ಕೆಲಸ ನಿಧಾನವಾಗುತ್ತದೆ, ಆಗಲಿ. ಕೊನೆಯ ಹೆಚ್ಚುವರಿ ಗುಂಡನ್ನು ಹೀಗೆ ಒತ್ತಿ ನೋಡಿದೆವು. ಸೀಳಲಿಲ್ಲ, ವಾಲಲಿಲ್ಲ. ಇನ್ನು ಕೈಯಲ್ಲಿದ್ದುದು ಗಿರಾಕಿಗೆ ಲೆಕ್ಕಕ್ಕೆ ಸರಿಯಾಗಿ ಬೇಕಾದಷ್ಟೇ. ಒಂದು ಸೀಳಿದರೂ ಮುಗಿಯಿತು.

ಅವನ್ನು ಒತ್ತಿದ ದಿನ ನಾನು ಪ್ರೆಸ್ ಕೋಣೆಯೊಳಗೆ ನಿಲ್ಲಲಾಗದೆ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಿದ್ದೆ. ಹಿಂದೆ ಎಂದೂ ಹಾಗೆ ಮಾಡಿರಲಿಲ್ಲ. ಮಧ್ಯಾಹ್ನ ಅನ್ನಾ ಬಾಗಿಲಿಗೆ ಬಂದು ಎರಡೂ ಕೈಯಲ್ಲಿ ತಟ್ಟೆ ಹಿಡಿದು ತೋರಿಸಿದರು. ಒಂದೂ ಸೀಳಿರಲಿಲ್ಲ.

ಗಿರಾಕಿಯ ಎಂಜಿನಿಯರುಗಳಿಬ್ಬರು ಬಂದು ಒಂದು ದಿನ ಇದ್ದರು. ಲೆನ್ಸನ್ನು ಕಾದ ಪೆಟ್ಟಿಗೆಯೊಳಗೆ ಕೂರಿಸಿ, ತಿರುಗುವ ಗಾಲಿಯ ಮಧ್ಯೆ ಬಿಸಿ ತುಂಡೊಂದನ್ನು ಇಟ್ಟು, ಕ್ಯಾಮೆರಾದಲ್ಲಿ ನೋಡಿದರು. ಪೆಟ್ಟಿಗೆಯ ಬಿಸಿ ಏರಿಸಿದರು, ಮತ್ತೆ ನೋಡಿದರು. ಬಿಸಿ ತುಂಡಿನ ಅಂಚು ಚಾಕುವಿನಲ್ಲಿ ಕೊಯ್ದಷ್ಟು ಸ್ಪಷ್ಟವಾಗಿತ್ತು. ಹಿಂದಿನವು ಕೆಟ್ಟಿದ್ದು ಅವರಿಗೂ ಗೊತ್ತಿತ್ತು, ಯಾಕೆ ಎಂದು ಕೇಳಿದರು. ನಾನು ಆ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ತೋರಿಸಿದೆ. ಹಿರಿಯವರು ಅವನ್ನೇ ತುಂಬಾ ಹೊತ್ತು ನೋಡಿದರು. ಹೊಗಳಲಿಲ್ಲ, ತೆಗಳಲಿಲ್ಲ, ಊಟ ಮಾಡಿ ಹೋದರು.

ಆಮೇಲೆ ಸುದ್ದಿಯೇ ಇಲ್ಲ. ಹೊಸ ಸಾಮಾನಿಲ್ಲದ್ದರಿಂದ ಫರ್ನೇಸ್ ಆರಿತ್ತು. ತಣ್ಣಗಿನ ಕೋಣೆಯಲ್ಲಿ ನಾನೂ ಅನ್ನಾನೂ ಪಾತ್ರೆ ತೊಳೆದೆವು, ಕೈಗವಸು ಒಣಗಿಸಿದೆವು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆವು. ಅನ್ನಾ ಜೀಡಿಮೆಟ್ಲದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಕೇಳಿ ಬಂದಿದ್ದರು. ಸೋಮವಾರದಿಂದ ಬರಲು ಹೇಳಿದ್ದಾರೆ ಎಂದು ನನಗೆ ಹೇಳಿದರು. ಹೋಗಬೇಡಿ ಎನ್ನಲು ನನ್ನ ಬಳಿ ಏನೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಾಲೀಕರು ಬಂದರು. ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ಫರ್ನೇಸಿನ ಮೈಮೇಲೆ ಕೈಯಿಟ್ಟು, ತಣ್ಣಗಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದರು.

“ಸಿಲಿಕಾ ಕೇ ಟ್ಯೂಬಾಂ ಕಿತ್ತೇ ಹೋನಾ ಮೇಡಂ? ಶಾಮ್ ತಕ್ ಬೋಲ್ ದೇವ್.”

ಸಿಲಿಕಾ ಕೊಳವೆ ಎಷ್ಟು ಬೇಕು, ಸಂಜೆಯೊಳಗೆ ಹೇಳಿ. ಅಷ್ಟು ಹೇಳಿ ಹೊರಟುಹೋದರು. ಹೊಸ ಸಾಮಾನು ತರಿಸುತ್ತಾರೆ ಎಂದರೆ ಗಿರಾಕಿ ಒಪ್ಪಿದ್ದಾರೆ, ಕೋಣೆ ಮುಚ್ಚುವುದಿಲ್ಲ. ನನಗೆ ಅಳು ಬಂತು, ಬಂದಷ್ಟೂ ಅತ್ತೆ, ಮುಚ್ಚಿಕೊಳ್ಳಲಿಲ್ಲ. ಅನ್ನಾ ಒದ್ದೆ ಕೈಗವಸನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಮಾಲೀಕರ ಮಾತು ಅವರಿಗೂ ಕೇಳಿಸಿತ್ತು. ಆದರೂ ಕೇಳಿಸಿದ್ದನ್ನು ನಂಬಲು ಧೈರ್ಯ ಸಾಲದೆ ನನ್ನ ಮುಖವನ್ನೇ ನೋಡುತ್ತಿದ್ದರು.

“ಅಂಟೇ, ಸೋಮವಾರಂ ಈಡಿಕೇ ರಾವಾಲ್ನಾ ಮೇಡಂ?” ಎಂದು ಮೆಲ್ಲಗೆ ಕೇಳಿದರು. ಅಂದರೆ, ಸೋಮವಾರ ಇಲ್ಲಿಗೇ ಬರಬೇಕಾ?

“ರಾವಾಲೆ ಅನ್ನಾ,” ಎಂದೆ. “ಇಲ್ಲಿಗೇ ಬರಬೇಕು.”